ಬೇರು ಸಮೇತ ಹೋದ ಮಾತು

ನಲವತ್ತನೆಯ ಕಟ್ಟಿಗೆ ಬಾಳೆನಾರು ಸುತ್ತುತ್ತಿದ್ದೆ. ಕೊತ್ತಂಬರಿ ಸೊಪ್ಪನ್ನು ಬೇರು ಸಮೇತ ಕಿತ್ತು, ಮಣ್ಣು ಕೊಡವಿ, ಬೇರುಗಳನ್ನೆಲ್ಲ ಒಂದೇ ಮಟ್ಟಕ್ಕೆ ತಂದು ಎಡಗೈಯಲ್ಲಿ ಹಿಡಿಯಬೇಕು. ನಾರನ್ನು ಎರಡು ಸುತ್ತು ಸುತ್ತಿ ತುದಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ತುರುಕಬೇಕು. ಗಂಟು ಹಾಕಬಾರದು. ಗಂಟು ಹಾಕಿದರೆ ಕೊಂಡವಳು ಮನೆಯಲ್ಲಿ ಬಿಚ್ಚುವಾಗ ನಮ್ಮನ್ನು ಬೈದುಕೊಳ್ಳುತ್ತಾಳೆ, ಆ ಬೈಗುಳ ಮುಂದಿನ ಸಂತೆಯಲ್ಲಿ ತಿಳಿಯುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು, ಕಟ್ಟಿದ ಸೊಪ್ಪನ್ನು ಮಂಕರಿಯಲ್ಲಿ ಜೋಡಿಸಿ, ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದರು. ಮಂಕರಿ ಬಾಯಿಮಟ್ಟ ಬಂದಾಗ ತಂಬಿಗೆಯನ್ನು ನೆಲದ ಮೇಲೆ ಬೋರಲು ಹಾಕಿದರು. ನಾನು ನಾರು ಕೆಳಗಿಟ್ಟೆ.

ಬೇರೆಯವರಾಗಿದ್ದರೆ 'ಸಾಕು' ಅನ್ನುತ್ತಿದ್ದರು. ನಮ್ಮತ್ತೆ ಹೊಂಬಾಳಮ್ಮನ ಬಾಯಲ್ಲಿ ಆ ಮಾತು ಇಲ್ಲ. ಹೋದ ಯುಗಾದಿಗೆ ಒಂದು ವಾರ ಇದೆ ಅನ್ನುವಾಗ ಅದನ್ನು ಮಾತಿನಂಗಡಿಯಲ್ಲಿ ಒತ್ತೆ ಇಟ್ಟು ಬಂದಿದ್ದರು.

ನಮ್ಮೂರಲ್ಲಿ ಚಿನ್ನವಿಲ್ಲದ ಮನೆಗಳು ಬೇಕಾದಷ್ಟಿವೆ, ಮಾತಿಲ್ಲದ ಮನೆ ಒಂದೂ ಇಲ್ಲ. ಹಾಗಾಗಿ ಪೇಟೆಬೀದಿಯ ಕೊನೆಯಲ್ಲಿರುವ ಮಲ್ಲಾರಪ್ಪನವರ ಅಂಗಡಿಗೆ ಒಂದಲ್ಲ ಒಂದು ಸಲ ಎಲ್ಲರೂ ಹೋಗಿಬಂದವರೇ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಬಾಯಿಗೆ ಬಟ್ಟೆ ಬಿಗಿದ ಮಣ್ಣಿನ ಕುಡಿಕೆಗಳು. ಕುಡಿಕೆಯನ್ನು ಬಾಯಿಯ ಹತ್ತಿರ ಹಿಡಿದು ಮಾತನ್ನು ಮೂರು ಸಲ ಆಡಬೇಕು. ಮೂರನೆಯ ಸಲಕ್ಕೆ ಅದು ನಾಲಿಗೆಯಿಂದ ಜಾರಿ ಒಳಕ್ಕೆ ಬೀಳುತ್ತದೆ. ಬಿಡಿಸಿಕೊಳ್ಳುವ ತನಕ ಮತ್ತೆ ಆಡಲಾಗುವುದಿಲ್ಲ. ಯಾವ ಮಾತನ್ನು ಯಾರು ಎಷ್ಟು ಆಡುತ್ತಾರೋ ಅಷ್ಟು ಅದರ ಬೆಲೆ. ಅದಕ್ಕೇ ಮಲ್ಲಾರಪ್ಪನವರು ಹೆಂಗಸರಿಂದ ಗಂಡನ ಹೆಸರನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. "ಆಡದೇ ಇರೋ ಮಾತ ತಂದು ನನ್ ತಲೆಗೆ ಕಟ್ಟಬ್ಯಾಡ್ರವ್ವ" ಎಂದು ನಕ್ಕು ವಾಪಸು ಕಳಿಸುತ್ತಾರೆ.

ಊರು ಇದಕ್ಕೆ ಹೊಂದಿಕೊಂಡಿದೆ. ಕಮ್ಮಾರ ಸಾಲೆಯ ಈರಾಚಾರಿ 'ನಾಳೆ' ಒತ್ತೆ ಇಟ್ಟಮೇಲೆ ಕುಡುಗೋಲು ಹೇಳಿದ ದಿನವೇ ಸಿಗುತ್ತದೆ. ನಮ್ಮ ಎದುರುಮನೆಯ ಓರಗಿತ್ತಿಯರಿಬ್ಬರೂ 'ನೀನು' ಒತ್ತೆ ಇಟ್ಟು ಮನೆಗೆ ಹೆಂಚು ಹಾಕಿಸಿದರು. ಈಗ ಇಬ್ಬರೂ ಒಬ್ಬರಿಗೊಬ್ಬರು 'ನೀವು' ಅನ್ನಬೇಕಾಗಿ ಬಂದು, ಬಹುವಚನದಲ್ಲಿ ಜಗಳ ಏರುವುದೇ ಇಲ್ಲ. "ನೀವು ಕತ್ತೆ ಕಣ್ರವ್ವ" ಎಂದು ಒಂದು ದಿನ ಹಿರಿಯವಳು ಶುರುಮಾಡಿ, ತಾನೇ ನಕ್ಕು ಒಳಗೆ ಹೋದದ್ದನ್ನು ನಾನು ಕಂಡಿದ್ದೇನೆ.

ನಮ್ಮ ಮನೆಯವರು ಅಂಗಡಿ ಮೆಟ್ಟಿಲು ಹತ್ತಿದ್ದು ಹೊಲಕ್ಕಾಗಿ. ಮೂರೆಕರೆ ಸೊಪ್ಪಿನ ಹೊಲ. ಮೂಡಲಿಗೆ ಬಾವಿ, ಪಡುವಲಿಗೆ ಗಾಡಿದಾರಿ. ಮಾವ ತೀರಿಕೊಂಡ ವರ್ಷ ಅವರ ತಮ್ಮ ಬೋರಲಿಂಗಪ್ಪ, ಅಂದರೆ ನನ್ನ ಚಿಕ್ಕಮಾವ, ತಮ್ಮ ಪಾಲು ಕೇಳಿಕೊಂಡು ಬಂದರು. ಅವರದೇನೂ ಅನ್ಯಾಯವಲ್ಲ. ಬೇರೆ ಊರಲ್ಲಿ ಎಣ್ಣೆಗಾಣ ಹಾಕಿದ್ದರು, ಇಬ್ಬರು ಹೆಣ್ಣುಮಕ್ಕಳು ಮದುವೆಗೆ ಬಂದಿದ್ದರು. ಆದರೆ ಹೊಲವನ್ನು ನಡುವೆ ಸೀಳಿದರೆ ಒಂದು ಪಾಲಿಗೆ ನೀರಿಲ್ಲ, ಇನ್ನೊಂದಕ್ಕೆ ದಾರಿಯಿಲ್ಲ. ಹಾಗಾಗಿ ಒಂದೋ ಅವರ ಪಾಲಿನ ಹಣ ಕೊಡಬೇಕು, ಇಲ್ಲವೇ ಇಡೀ ಹೊಲವನ್ನು ಇಟ್ಟಿಗೆ ಸುಡುವವನಿಗೆ ಮಾರಿ ಹಂಚಿಕೊಳ್ಳಬೇಕು. ಇಟ್ಟಿಗೆಯವನು ಆಗಲೇ ಎರಡು ಸಲ ಬಂದು ಮಣ್ಣನ್ನು ಉಂಡೆ ಕಟ್ಟಿ ನೋಡಿ ಹೋಗಿದ್ದ. ಚಿಕ್ಕಮಾವ ಮೂರು ಯುಗಾದಿಯ ಗಡುವು ಕೊಟ್ಟರು. ಯುಗಾದಿಗೊಂದು ಕಂತು. ಒಂದು ತಪ್ಪಿದರೂ ಹೊಲ ಇಟ್ಟಿಗೆಗೆ. ಸೊಪ್ಪು ನಮ್ಮ ಹೊಟ್ಟೆಬಟ್ಟೆಗೆ ಆಗುತ್ತಿತ್ತು, ಕಂತಿಗೆ ಆಗುತ್ತಿರಲಿಲ್ಲ.

ಮೊದಲ ವರ್ಷ ನನ್ನ ಗಂಡ ತಾನೇ ಅಂಗಡಿಗೆ ಹೋಗಿ ಅರ್ಧ ದಿನ ಜಗಲಿಯ ಮೇಲೆ ಕೂತಿದ್ದ. ಬೆಲೆ ಕಟ್ಟುವ ಮೊದಲು ಹಾಗೆ ಕೂರಿಸಿ ಮಾತು ಕೇಳುತ್ತಾರೆ. ಮಧ್ಯಾಹ್ನ ಮಲ್ಲಾರಪ್ಪನವರು, "ಅಪ್ಪಾ, ನಿನ್ನ ಬಾಯಲ್ಲಿ ಇರೋದೇ ನಾಕು ಮಾತು. ಅದ್ನೂ ನಾನೇ ಕಿತ್ಕಂಡ್ರೆ ಎತ್ತಿಗೂ ನಿಂಗೂ ಏನ್ ವ್ಯತ್ಯಾಸ, ಮನೆಗೆ ಹೋಗು" ಎಂದು ಬೆನ್ನು ತಟ್ಟಿ ಕಳಿಸಿದರಂತೆ. ನಾನು ಹೋಗುತ್ತೇನೆ ಅಂದದ್ದಕ್ಕೆ ಅತ್ತೆ ಬಿಡಲಿಲ್ಲ. "ನೀನು ಬಂದು ಇನ್ನೂ ಮೂರ್ ವರ್ಸ ತುಂಬಿಲ್ಲ. ನಿನ್ ಮಾತು ಇನ್ನೂ ಎಳೇವು ತಾಯಿ. ಬಲೀಲಿ" ಎಂದು ತಾವೇ ಹೊರಟರು. 'ಅಯ್ಯೋ' ಇಟ್ಟು ಬಂದರು.

ಅವರು ದಿನಕ್ಕೆ ನೂರು ಸಲ ಆಡುತ್ತಿದ್ದ ಮಾತು ಅದು. ಅಯ್ಯೋ ಹಾಲು ಉಕ್ಕಿತು, ಅಯ್ಯೋ ಮೊಣಕಾಲು, ಅಯ್ಯೋ ದೇವರೇ. ಒಳ್ಳೆಯ ಬೆಲೆ ಬಂತು, ಮೊದಲ ಕಂತು ತೀರಿತು. ಆಮೇಲೆ ಹಾಲು ಉಕ್ಕಿದಾಗ ಅವರು ಬಾಯಿ ತೆರೆದು, ಏನೂ ಸಿಗದೆ, ಎದ್ದು ಹೋಗಿ ಪಾತ್ರೆ ಇಳಿಸುತ್ತಿದ್ದರು. "ನೋಡು, ಮುಂಚೆ ಕೂಗಿ ಆಮೇಲೆ ಏಳ್ತಿದ್ದೆ. ಈಗ ಹಾಲಾದ್ರೂ ಉಳೀತದೆ" ಎಂದು ನಗುತ್ತಿದ್ದರು. ಆದರೆ ಪಕ್ಕದ ಬೀದಿಯ ಪುಟ್ಟನಂಜಿ ಸತ್ತಾಗ ಅತ್ತೆ ಹೆಣದ ಮುಂದೆ ಬಾಯಿ ಬಿಡದೆ ಕೂತದ್ದನ್ನು ನೋಡಿ ಹೆಂಗಸರು ಕಲ್ಲೆದೆಯವಳು ಅಂದರು. ಪುಟ್ಟನಂಜಿ ಅವರ ಜೊತೆ ಚೌಕಾಬಾರ ಆಡುತ್ತ ಬೆಳೆದವಳು. ಮನೆಗೆ ಬಂದು ಅತ್ತೆ ಹಿತ್ತಿಲ ಕಲ್ಲಿನ ಮೇಲೆ ಬಟ್ಟೆ ಒಗೆದರು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು. ಅಳಲು ಬೇಕಾದ ಮಾತೊಂದು ಇಲ್ಲದಿದ್ದರೆ ಅಳು ತೋಳಿಗೆ ಇಳಿಯುತ್ತದೆ ಎಂದು ನಾನು ತಿಳಿದದ್ದು ಅವತ್ತು.

ಎರಡನೆಯ ಯುಗಾದಿಗೆ 'ಸಾಕು' ಹೋಯಿತು. ಊಟಕ್ಕೆ ಕೂತಾಗ, ಆಳುಗಳನ್ನು ಎಬ್ಬಿಸುವಾಗ, ನನ್ನನ್ನು ಕೆಲಸದಿಂದ ಬಿಡಿಸುವಾಗ ಅವರು ಹೇಳುತ್ತಿದ್ದದ್ದು ಅದನ್ನೇ. ಅಂಗಡಿಯಿಂದ ಬಂದ ಸಂಜೆ ಹೊಸಿಲ ಮೇಲೆ ನಿಂತು, ಕೋಳಿಗಳ ಕಡೆ ಕೈತೋರಿಸಿ ಏನೋ ಹೇಳಹೊರಟು ನಿಂತುಬಿಟ್ಟರು.

"ಕೋಳಿ... ಇನ್ನೆರಡು ಕೋಳಿ..." ಎಂದು ತಡವರಿಸಿದರು.

"ಇನ್ನೆರಡು ಕೋಳಿ ಸಾಕೋಣ ಅಂತಲಾ ಅತ್ತೆಮ್ಮ?" ಅಂದೆ.

ಅವರು ತಲೆಯಾಡಿಸಿದರು. ಆಮೇಲೆ ನಿಧಾನವಾಗಿ ಹೊಸಿಲ ಮೇಲೆ ಕೂತರು. ನಮಗಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಇಷ್ಟಾಯಿತು ಅನ್ನುವ ಸಾಕೂ ಅದೇ, ಅನ್ನ ಹಾಕಿ ಬೆಳೆಸುವ ಸಾಕೂ ಅದೇ. ಕುಡಿಕೆಗೆ ಮಾತು ಬೇರು ಸಮೇತ ಬೀಳುತ್ತದೆ, ಒಂದು ಕೊಂಬೆ ಮುರಿದುಕೊಡಲಾಗುವುದಿಲ್ಲ. ಅದು ಊರಿಗೆಲ್ಲ ಗೊತ್ತು. 'ಹಾಡು' ಇಟ್ಟವರು ಒಂದು ಹಾಡು ಅನ್ನಲೂ, ನೀನು ಹಾಡು ಅನ್ನಲೂ ಆಗದೆ ಕೂತದ್ದನ್ನು ನೋಡಿದ್ದೇವೆ. ಆದರೆ ಅನ್ನ ಬಡಿಸುವ ಕೈಗೆ ಅಡ್ಡ ಹೇಳುವ ಮಾತು, ಮಕ್ಕಳನ್ನು ಸಲಹುವ ಮಾತು ಎರಡೂ ಒಂದೇ ಎಂದು ಯಾರು ಯೋಚಿಸುತ್ತಾರೆ?

ಅವರು ಕೂತದ್ದು ಕೋಳಿಗಾಗಿ ಅಲ್ಲ. ನನ್ನ ಗಂಡ ಅವರ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅವರ ತಂಗಿಯ ಮಗ. ತಂಗಿ ಬಾಣಂತನದಲ್ಲಿ ತೀರಿಕೊಂಡಾಗ ಎಂಟು ದಿನದ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. 'ಇವನ ತಾಯಿ ನೀನೇ, ನಾನು ಬರೀ ಸಾಕೋಳು' ಎಂದು ಸಾಯುವವಳ ಕೈಹಿಡಿದು ಹೇಳಿದ್ದರಂತೆ. ಹೇಳಿದ ಮಾತನ್ನು ಮೂವತ್ತು ವರ್ಷ ಕಾಪಾಡಿದರು. ಅವನ ಬಾಯಲ್ಲಿ 'ದೊಡ್ಡಮ್ಮ' ಎಂದೇ ಕರೆಸಿಕೊಂಡರು. ನನ್ನನ್ನು ನೋಡಲು ನಮ್ಮ ತೌರಿಗೆ ಬಂದಾಗಲೂ, ಯಾರೂ ಕೇಳದೆ ಇದ್ದರೂ, "ಇವನು ನಾನು ಸಾಕಿದ ಹುಡುಗ. ತಾಯಿ ನನ್ ತಂಗಿ, ಈಗಿಲ್ಲ" ಎಂದು ಮೊದಲಿಗೇ ಹೇಳಿದ್ದರು. ತನ್ನದಲ್ಲದ್ದನ್ನು ತನ್ನದೆನ್ನದ ಆ ನಿಯತ್ತನ್ನು ನೋಡಿಯೇ ನಮ್ಮಪ್ಪ ಹೆಣ್ಣು ಕೊಟ್ಟದ್ದು.

ಯುಗಾದಿ ದಿನ ಚಿಕ್ಕಮಾವ ಎರಡನೆಯ ಕಂತಿಗೆ ಬಂದರು. ಒಬ್ಬಟ್ಟಿನ ಊಟ ಮುಗಿಸಿ ಎಲೆಅಡಿಕೆ ಹಾಕುತ್ತ, ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿ ಮರುಗಿಯೇ ಅಂದರು:

"ಅಲ್ಲ ಅತ್ಗೆ, ಬಾಯಿ ಬರಿದು ಮಾಡ್ಕಂಡು ಈ ಹೊಲ ಯಾರಿಗೆ ಅಂತ ಉಳಿಸ್ತಾ ಇದ್ದೀರಿ? ಒಬ್ಬ ಸಾಕುಮಗನಿಗೆ ಇಷ್ಟೆಲ್ಲ ಪಡಿಪಾಟ್ಲು ಬೇಕಾ?"

ಅತ್ತೆ ಬಾಯಿ ತೆರೆದರು. ಅವರು ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಹೌದು ಬೋರಲಿಂಗು, ಸಾಕಿದವನೇ, ಸಾಕಿದ ಮೇಲೆ ನೆಲೆ ಕಾಣಿಸಬೇಡವೇ ಎಂದು ಮುಂಚೆ ಅನ್ನುತ್ತಿದ್ದರು. ಆ ಮಾತು ಬರಲಿಲ್ಲ. ಇದ್ದ ಮಾತುಗಳಲ್ಲೇ ಹುಡುಕಿದರು.

"ನನ್ ಮಗನಿಗೆ" ಅಂದರು.

ಬಾಗಿಲ ಹತ್ತಿರ ಎತ್ತಿಗೆ ಒಬ್ಬಟ್ಟು ತಿನ್ನಿಸುತ್ತಿದ್ದ ನನ್ನ ಗಂಡ ಹಾಗೇ ನಿಂತ. ಎತ್ತು ಒಬ್ಬಟ್ಟು ತಿಂದು ಮುಗಿಸಿ ಅವನ ಬೆರಳುಗಳನ್ನೂ ನೆಕ್ಕಿತು. ಅವನು ಕೈ ತೆಗೆಯಲಿಲ್ಲ. ಚಿಕ್ಕಮಾವನಿಗೂ ಏನೋ ಆಗಿರಬೇಕು, ಎಲೆಅಡಿಕೆ ತಟ್ಟೆಯನ್ನು ಸರಿಸಿ, "ಸರಿ ಬುಡಿ ಅತ್ಗೆ" ಎಂದು ಎದ್ದರು. ಗಡುವನ್ನು ಮಾತ್ರ ಸಡಿಲಿಸಲಿಲ್ಲ.

ಆಮೇಲಿನ ವರ್ಷ ನಮ್ಮ ಮನೆಯಲ್ಲಿ ಆ ಮಾತಿನದೇ ಓಡಾಟ. ಮೊದಮೊದಲು ಅತ್ತೆ ಬೇರೆ ದಾರಿಯಿಲ್ಲದೆ ಅಂದರು. ಮಗ ಸಂತೆಗೆ ಹೋಗಿದ್ದಾನೆ, ಮಗನಿಗೆ ನೀರು ಕೊಡು. ಹೇಳಿದ ಮೇಲೆ ಹಿತ್ತಿಲ ಕಡೆ ತಿರುಗಿ ತಂಗಿಯ ಹತ್ತಿರ ತಪ್ಪಾಯಿತು ಅನ್ನುವ ಹಾಗೆ ಒಂದು ಕ್ಷಣ ನಿಲ್ಲುತ್ತಿದ್ದರು. ಆಷಾಢದ ಹೊತ್ತಿಗೆ ನಿಲ್ಲುವುದು ಬಿಟ್ಟರು. ಕಾರ್ತಿಕದಲ್ಲಿ ಸುಮ್ಮಸುಮ್ಮನೆ ಕರೆಯತೊಡಗಿದರು. "ಏ ಮಗಾ" ಎಂದು ಬದುವಿನ ಈ ಕಡೆಯಿಂದ ಕೂಗಿ, ಅವನು ಗುದ್ದಲಿ ಬಿಟ್ಟು ಓಡಿಬಂದರೆ "ಏನಿಲ್ಲ, ಹೋಗು" ಅನ್ನುವರು. ನಾಲ್ಕು ಮಾತಿನ ನನ್ನ ಗಂಡನಿಗೆ ಆ ವರ್ಷ ಐದನೆಯದೂ ಆರನೆಯದೂ ಹುಟ್ಟಿದವು. ಸೊಪ್ಪಿನ ಮಡಿಗಳ ನಡುವೆ ಕೂತು ಅವನು ಹಾಸ್ಯ ಮಾಡಿದ್ದನ್ನು ಕೇಳಿ ನಾನು ಕುಡುಗೋಲು ಕಾಲ ಮೇಲೆ ಬೀಳಿಸಿಕೊಂಡಿದ್ದೆ. ಇನ್ನು 'ಸಾಕು' ಇಲ್ಲದ ಅತ್ತೆ ಕೆಲಸವನ್ನೂ ನಿಲ್ಲಿಸುತ್ತಿರಲಿಲ್ಲ. ಬೇಲಿಯ ಪಕ್ಕದ ಕಲ್ಲುನೆಲವನ್ನು ದಿನಕ್ಕೊಂದು ಮಾರು ಅಗೆದು, ಕಲ್ಲು ಆರಿಸಿ, ದಂಟಿನ ಎರಡು ಮಡಿ ಹೆಚ್ಚಿಸಿದರು. "ನಿಲ್ಲು ಅನ್ನೋ ಮಾತೇ ಅಂಗ್ಡೀಲಿ ಅದೆ, ಕೈಗೆ ಯಾರು ಹೇಳೋರು" ಅನ್ನುವರು. ಅರವತ್ತರ ಹೆಂಗಸು. ನನಗೆ ಅವರ ಜೊತೆ ಹೆಜ್ಜೆ ಹಾಕಿ ಹಾಕಿ ಸೊಂಟ ಬೀಳುತ್ತಿತ್ತು. ಬಿದ್ದ ಸೊಂಟಕ್ಕೆ ಅವರೇ ಹರಳೆಣ್ಣೆ ತಿಕ್ಕುತ್ತಿದ್ದರು.

ಈ ಸಲದ ಯುಗಾದಿಗೆ ಹತ್ತು ದಿನ ಇದ್ದಾಗ ಅತ್ತೆ ನನ್ನ ಗಂಡನನ್ನು "ಏ ಇವನೇ" ಎಂದು ಕರೆದರು. ಮಾರನೆಯ ದಿನ ಹೆಸರು ಹಿಡಿದು "ರಾಜಪ್ಪಾ" ಅಂದರು. ಅದರ ಮಾರನೆಯ ದಿನ ಕರೆಯಲೇ ಇಲ್ಲ, ತಾವೇ ಬದು ದಾಟಿ ಹೋಗಿ ತೋಳು ಮುಟ್ಟಿದರು. ನಮ್ಮೂರಲ್ಲಿ ಇದಕ್ಕೆ ಬಾಯಿ ಪಳಗಿಸುವುದು ಅನ್ನುತ್ತಾರೆ. ಒತ್ತೆ ಇಡುವ ಮಾತನ್ನು ಮುಂಚಿನಿಂದಲೇ ಆಡದೆ ಅಭ್ಯಾಸ ಮಾಡಿಕೊಂಡರೆ, ಹೋದಮೇಲೆ ಅಷ್ಟು ಎಡವುವುದಿಲ್ಲ. ನನ್ನ ಗಂಡನಿಗೆ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ತನ್ನ ಮೇಲೆ ಏನೋ ಸಿಟ್ಟು ಎಂದುಕೊಂಡು, ಅವರಿಗೆ ಇಷ್ಟವಾದ ಸಬ್ಬಸಿಗೆಯನ್ನು ಎಳೆಯದಾಗಿ ಕಿತ್ತು ತಂದು ಒಲೆಯ ಪಕ್ಕ ಇಟ್ಟ.

ನಾನು ಸಂತೆ ಮುಗಿಸಿ ಬರುವಾಗ ಉಳಿದ ಮೆಂತ್ಯ ಕೊಡುವ ನೆಪದಲ್ಲಿ ಮಲ್ಲಾರಪ್ಪನವರ ಅಂಗಡಿಗೆ ಹೋದೆ. ಅವರು ಕುಡಿಕೆಗಳ ಧೂಳು ಒರೆಸುತ್ತಿದ್ದರು.

"ನಮ್ಮತ್ತೆ ಬಂದಿದ್ರಾ ಅಪ್ಪಯ್ಯ?"

"ಬಂದಿದ್ರು ಕಣವ್ವ. ಸೋಮವಾರ ಬತ್ತೀನಿ ಅಂದವ್ರೆ."

"ಮಗ ಅನ್ನೋದಾ?"

ಅವರು ಬಟ್ಟೆ ಕೆಳಗಿಟ್ಟರು. "ಬ್ಯಾರೆ ಯಾವ್ದಾದ್ರೂ ತನ್ನಿ ಅಂತ ನಾನೇ ಹೇಳ್ದೆ. ಹಳೇ ಮಾತೆಲ್ಲ ತೂಗಿ ನೋಡ್ದೆ. ನೀರು, ಸೊಪ್ಪು, ಬಾ, ಹೋಗು, ಯಾವ್ದೂ ಕಂತಿಗೆ ಮುಟ್ಟಕಿಲ್ಲ. ಈ ವರ್ಸ ಆ ಯಮ್ಮ ಅದೊಂದ್ನೇ ಆಡಿರೋದು, ನಾನೇನ್ ಮಾಡ್ಲಿ. ಬೆಲೆ ನಾನು ಕಟ್ಟೋದಲ್ಲ, ಬಾಯಿ ಕಟ್ಟೋದು."

"ಅದೂ ಹೋದ್ರೆ ಅವನನ್ನ ಏನಂತಾರೆ? ಸಾಕಿದವನು ಅನ್ನೋಕೂ ಇಲ್ಲ."

"ಅವನು ಅಂತಾರೆ" ಎಂದರು ಮಲ್ಲಾರಪ್ಪನವರು. ಒರೆಸುವ ಬಟ್ಟೆ ಮತ್ತೆ ಎತ್ತಿಕೊಂಡು, "ಹೊಲ ಉಳೀತದಲ್ಲ. ನೀನು ಕೇಳಿದ್ನೇ ನಾನೂ ಕೇಳ್ದೆ. ಅವನು ನಿಂತ್ಕಳಾಕೆ ನೆಲ ಇರ್ಲಿ ಸಾಮಿ, ಕರೆಯೋಕೆ ಏನಿದ್ರೇನು ಅಂದ್ರು" ಎಂದರು. ಮೆಂತ್ಯದ ಕಟ್ಟನ್ನು ಅವರು ತೆಗೆದುಕೊಳ್ಳಲಿಲ್ಲ. ಅವತ್ತು ಅವರಿಗೆ ನಮ್ಮ ಮನೆಯದನ್ನು ತಿನ್ನಲು ಮನಸ್ಸಾಗಲಿಲ್ಲವೋ ಏನೋ.

ದಾರಿಯುದ್ದಕ್ಕೂ ನನ್ನ ಮಾತುಗಳನ್ನು ಎಣಿಸುತ್ತ ಬಂದೆ. 'ತೌರು' ಅನ್ನುವುದನ್ನು ಮೊದಲ ವರ್ಷ ಬಹಳ ಆಡುತ್ತಿದ್ದೆ, ಈಗ ಅಷ್ಟಿಲ್ಲ. 'ಬೇಡ' ಅನ್ನುವುದನ್ನು ನಾನು ಆಡಿದ್ದು ಯಾವಾಗ ಎಂದು ನೆನಪೇ ಆಗಲಿಲ್ಲ. ಹೆಂಗಸಿನ ಬಾಯಿ ದೊಡ್ಡದು ಅನ್ನುತ್ತಾರೆ. ತೂಗಲು ಕೂತರೆ ಎಲ್ಲವೂ ಚೂರುಪಾರು. ನನ್ನ ಬಾಯಲ್ಲಿ ಹೆಚ್ಚು ಓಡಾಡುವುದು ಯಾವುದು ಎಂದು ಯಾರನ್ನಾದರೂ ಕೇಳೋಣವೆಂದರೆ, ಕೇಳಿದರೆ ಗುಟ್ಟು ರಟ್ಟಾಗುತ್ತದೆ.

ಮಾರನೆಯ ದಿನ ಬೆಳಗಿನಿಂದ ನನ್ನ ಮಾತಿಗೆ ನಾನೇ ಕಿವಿಕೊಟ್ಟೆ. ಆಡಿದ ಮಾತೇ ಮತ್ತೆ ಬಂದಾಗಲೆಲ್ಲ ಒಂದು ಹರಳುಕಲ್ಲನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುವುದೆಂದು ಮಾಡಿಕೊಂಡೆ. ಒಲೆ ಹಚ್ಚುವಾಗ ಅತ್ತೆ, "ಮೊಸರು ಹುಳಿ ಬಂದದೆ, ಮಜ್ಜಿಗೆ ಮಾಡ್ಬುಡ್ಲಾ?" ಅಂದರು. ನಾನು ಉತ್ತರ ಕೊಟ್ಟೆ. ಗಂಡ, "ಮೂಡಲ ಮಡಿಗೆ ನೀರು ಬಿಡ್ಲಾ?" ಅಂದ. ಉತ್ತರ ಕೊಟ್ಟೆ. ಬೀದಿಯಲ್ಲಿ ಎದುರುಮನೆಯ ಹಿರಿಯವಳು, "ಸೊಪ್ಪು ಕೀಳೋಕಾ ಹೊರಟ್ರಿ?" ಅಂದಳು, ಕಿರಿಯವಳು, "ಬಿಸಿಲು ಜಾಸ್ತಿ ಅಲ್ವಾ?" ಅಂದಳು. ಹೊಲದಲ್ಲಿ ಅತ್ತೆ ತಮ್ಮ ಬಾಲ್ಯದ ಒಂದು ಕತೆಯನ್ನು, ನಾನು ಇಪ್ಪತ್ತು ಸಲ ಕೇಳಿದ್ದನ್ನು, ಮತ್ತೆ ಹೇಳಿದರು. ಅವರು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ನಾನು ಉತ್ತರ ಕೊಟ್ಟೆ. ಮಧ್ಯಾಹ್ನಕ್ಕೆ ಮಡಿಲು ಜೋತುಬಿತ್ತು. ಸೀರೆಯ ಗಂಟು ಸಡಿಲವಾಗಿ, ಬದುವಿನ ಮೇಲೆ ಕೂತು ನೋಡಿದರೆ ಅಷ್ಟೂ ಕಲ್ಲುಗಳು ಒಂದೇ ಮಾತಿನವು.

ಹೂಂ.

ಅದನ್ನು ಮಾತೆಂದು ನಾನು ಯಾವತ್ತೂ ಎಣಿಸಿರಲಿಲ್ಲ. ಬಾಯಿ ಕೂಡ ತೆರೆಯಬೇಕಿಲ್ಲ ಅದಕ್ಕೆ. ಊರಿನ ಯಾವ ಹೆಂಗಸೂ ಅದನ್ನು ಅಂಗಡಿಗೆ ಒಯ್ದದ್ದು ಕೇಳಿಲ್ಲ. ಸೆರಗಿನ ಹಾಗೆ ಅದು ಮೈಮೇಲೇ ಇರುತ್ತದೆ, ಇದೆಯೆಂದು ತಿಳಿಯುವುದಿಲ್ಲ. ಆದರೆ 'ಅಯ್ಯೋ' ಅನ್ನುವುದಕ್ಕೆ ಬೆಲೆ ಬಂದ ಮೇಲೆ ಇದಕ್ಕೆ ಯಾಕೆ ಬರಬಾರದು? ಹುಟ್ಟಿದಾಗಿನಿಂದ ಆಡಿದ್ದು. ನಮ್ಮಪ್ಪನಿಗೆ ಅಂದದ್ದು, ನೋಡಲು ಬಂದವರ ಮುಂದೆ ತಲೆತಗ್ಗಿಸಿ ಅಂದದ್ದು, ಐದು ವರ್ಷದಿಂದ ಈ ಮನೆಯಲ್ಲಿ ಕತ್ತಲು ಬೆಳಕೆನ್ನದೆ ಅಂದದ್ದು. ಮಲ್ಲಾರಪ್ಪನವರು ನನ್ನನ್ನು ಜಗಲಿಯ ಮೇಲೆ ಅರ್ಧ ದಿನ ಕೂರಿಸಬೇಕಾಗಿಲ್ಲ, ಅರ್ಧ ಗಳಿಗೆ ಸಾಲುತ್ತದೆ. ಒಂದು ಕಂತಿನ ಮೇಲೂ ಉಳಿದೀತು.

ಅದಿಲ್ಲದಿದ್ದರೆ ಹೇಗಿರುತ್ತದೆ ಎಂದು ಬದುವಿನ ಮೇಲೆ ಕೂತು ಯೋಚಿಸಿದೆ. 'ಹೌದು' ಇರುತ್ತದೆ, 'ಆಗಲಿ' ಇರುತ್ತದೆ. ಆದರೆ ಹೂಂ ಅನ್ನಲು ಯೋಚಿಸಬೇಕಾಗಿಲ್ಲ. ಹೌದು ಅನ್ನಬೇಕಾದರೆ ಹೌದೇ ಎಂದು ಒಮ್ಮೆ ಒಳಗೆ ಕೇಳಿಕೊಳ್ಳಬೇಕು. ದಿನಕ್ಕೆ ಒಂದು ಮಡಿಲು ಸಲ ಹಾಗೆ ಕೇಳಿಕೊಂಡರೆ ಕೆಲವಕ್ಕೆ ಇಲ್ಲ ಅಂತಲೂ ಬರಬಹುದು. ಬಂದರೆ ಮನೆಯವರು ಹೊಂದಿಕೊಳ್ಳಲಿ. ನಾವು ಏನೇನಕ್ಕೆ ಹೊಂದಿಕೊಂಡಿಲ್ಲ? ಅತ್ತೆಯ ಕತೆಗೆ ಮಾತ್ರ ತೊಡಕಾಗುತ್ತದೆ. ಕೇಳುವವರು ಹೂಂಗುಟ್ಟದಿದ್ದರೆ ಅವರಿಗೆ ಕತೆ ಮುಂದೆ ಹೋಗುವುದಿಲ್ಲ. ಅದಕ್ಕೆ ಅವರ ಕೈ ಹಿಡಿದುಕೊಂಡು ಕೇಳುವುದು, ಬೇಕಾದ ಕಡೆ ಒತ್ತುವುದು ಎಂದುಕೊಂಡೆ.

ಕಲ್ಲುಗಳನ್ನು ಬಾವಿದಂಡೆಯ ಕೆಸರಿಗೆ ಸುರಿದೆ, ಕಾಲಿಡಲು ಗಟ್ಟಿಯಾಯಿತು. ನಾಳೆ ಶನಿವಾರ, ಪೇಟೆಗೆ ಸೊಪ್ಪು ಒಯ್ಯುವ ಸರದಿ ನನ್ನದು, ಅತ್ತೆಯ ಸೋಮವಾರಕ್ಕೆ ಇನ್ನೂ ಎರಡು ದಿನ ಇರುತ್ತದೆ. ಗಂಡನಿಗೂ ಹೇಳುವುದಿಲ್ಲ. ಅವನ ಮುಖದಲ್ಲಿ ಏನೂ ನಿಲ್ಲುವುದಿಲ್ಲ. ಬಾಯಿ ಪಳಗಿಸಲೂ ಹೋಗುವುದಿಲ್ಲ, ಅತ್ತೆ ಒಂದೇ ಗಳಿಗೆಯಲ್ಲಿ ಹಿಡಿದುಬಿಡುತ್ತಾರೆ.

ಸಂಜೆ ಊಟಕ್ಕೆ ಕೂತೆವು. ಅತ್ತೆ ನನ್ನ ತಟ್ಟೆಗೆ ಮುದ್ದೆ ಇಟ್ಟರು. "ಇನ್ನೊಂಚೂರು ಸಾರು ಬುಡ್ಲಾ?" ಅಂದರು. ಹೂಂ ಅಂದೆ. "ಉಪ್ಪು ಸರಿಯಾಗದಾ?" ಹೂಂ. ಗಂಡ ಕೈತೊಳೆಯಲು ಎದ್ದು ಹೋದ. ಅವನು ಬಚ್ಚಲು ದಾಟುವ ತನಕ ಅತ್ತೆ ಅವನ ಬೆನ್ನನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಅಂದರು:

"ಸೋಮವಾರ ನಾನು ಪೇಟೆ ಕಡೆ ಒಂಚೂರು ಹೋಗ್ಬೇಕು ತಾಯಿ. ನೀನು ಹೊಲ ನೋಡ್ಕತೀಯಾ?"

"ಹೂಂ" ಅಂದೆ.